ಎರಡೇ ಹೊಸ ಟೈರ್ ಹಾಕ್ಸೋದಾದ್ರೆ ಅದು ಹಿಂದಕ್ಕೇ ಹೋಗ್ಲಿ

ಸ್ಟೇರಿಂಗ್ ಕೈಯಲ್ಲಿ ಗಟ್ಟಿಯಾಗೇ ಇತ್ತು. ಆ ಮಳೆ ದಿನ ನೆನಪಾದಾಗೆಲ್ಲ ನನಗೆ ಮೊದಲು ನೆನಪಾಗೋದು ಅದೇ. ಮುಂದಿನ ಎರಡೂ ಟೈರ್ ಹೊಸದು, ಹಾಕ್ಸಿ 15 ದಿನ ಆಗಿತ್ತು ಅಷ್ಟೇ, ರಸ್ತೆ ಒದ್ದೆ ಇದ್ರೂ ಕಾರು ತಿರುಗ್ಸಿದ ಕಡೆ ತಿರುಗ್ತಿತ್ತು, ಬ್ರೇಕ್ ಚೆನ್ನಾಗಿ ಹಿಡೀತಿತ್ತು, ಹಾಗಾಗಿ ಧೈರ್ಯವಾಗಿ 70ರಲ್ಲಿ ಹೋಗ್ತಿದ್ದೆ. ಉದ್ದನೆಯ ಒಂದು ತಿರುವು, ಒಳ ಅಂಚಲ್ಲಿ ನೀರು ನಿಂತಿತ್ತು. ಮುಂದಿನ ಟೈರ್‌ಗಳು ಆ ನೀರನ್ನ ಸೀಳ್ಕೊಂಡು ಹೋದ್ವು, ಕೈಗೆ ಏನೂ ಗೊತ್ತಾಗ್ಲಿಲ್ಲ. ಮರುಕ್ಷಣ ಕಾರಿನ ಹಿಂಭಾಗನ ಯಾರೋ ಹಗ್ಗ ಕಟ್ಟಿ ಪಕ್ಕಕ್ಕೆ ಎಳೆದ ಹಾಗಾಯ್ತು. ಹೆದರಿ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದೆ, ಬ್ರೇಕ್ ಒತ್ತಿದೆ, ಕಾರು ಇನ್ನೂ ಜೋರಾಗಿ ತಿರುಗ್ತು. ನಿಂತಾಗ ನಾನು ಬಂದ ದಾರಿನೇ ನೋಡ್ಕೊಂಡು ಕೂತಿದ್ದೆ. ಆ ಹೊತ್ತಲ್ಲಿ ಹಿಂದೆ ಮುಂದೆ ಯಾವ ಗಾಡಿನೂ ಇರ್ಲಿಲ್ಲ, ಅದಕ್ಕೇ ಈಗ ಇದನ್ನ ಕೂತು ಬರೀತಿದೀನಿ.

ಕಾರಿಗೆ ಒಂದು ಗೀಚೂ ಆಗಿರ್ಲಿಲ್ಲ. ಮನೆಗೆ ಬಂದು ಕೈ ನಡುಗೋದು ನಿಂತ ಮೇಲೆ ಟಾರ್ಚ್ ಹಿಡ್ಕೊಂಡು ಟೈರ್ ನೋಡಿದೆ. ಹಿಂದಿನ ಎರಡೂ ಹಳೇವು, ಟ್ರೆಡ್, ಅಂದ್ರೆ ರಸ್ತೆ ಮುಟ್ಟೋ ರಬ್ಬರಲ್ಲಿರೋ ಕಾಲುವೆಗಳ ಆಳ, ಅಳೆದು ನೋಡಿದ್ರೆ 2.5 ಮಿಲಿಮೀಟರ್ ಉಳಿದಿತ್ತು. ತುಂಬಾ ದೇಶಗಳಲ್ಲಿ ಕಾರಿನ ಟೈರಿಗೆ ಕಾನೂನು ಹೇಳೋ ಕನಿಷ್ಠ 1.6 ಮಿಲಿಮೀಟರ್, ಅಂದ್ರೆ ಆ ಲೆಕ್ಕದಲ್ಲಿ ನನ್ನ ಟೈರ್ ಪಾಸ್. ಮುಂದೆ 8 ಮಿಲಿಮೀಟರ್ ಹತ್ರ ಇತ್ತು. ಈ ವ್ಯತ್ಯಾಸನೇ ನನ್ನನ್ನ ತಿರುಗ್ಸಿ ನಿಲ್ಸಿದ್ದು.

ಟೈರ್ ಹಾಕ್ಸೋವಾಗ ಅಂಗಡಿಯವರು ಒಂದೇ ಮಾತು ಕೇಳಿದ್ರು, ಫ್ರಂಟ್ ವೀಲ್ ಡ್ರೈವ್ ಅಲ್ವಾ, ಹಾಗಾದ್ರೆ ಹೊಸದು ಮುಂದಕ್ಕೇ ಅಂತ. ನಾನೂ ಹೌದು ಅಂದೆ. ಅವರು ಮೋಸ ಮಾಡೋಕೆ ಹೇಳಿದ್ದಲ್ಲ, ಅವರೂ ಅದನ್ನ ನಂಬಿದ್ರು, ನಾನೂ ನಂಬಿದ್ದೆ, ನನಗೆ ಡ್ರೈವಿಂಗ್ ಕಲಿಸಿದವರೂ ನಂಬಿದ್ರು. ಕೇಳೋಕೆ ಸರಿಯಾಗೇ ಇದೆ ಕೂಡ. ಮುಂದಿನ ಚಕ್ರನೇ ಗಾಡಿ ಎಳೆಯತ್ತೆ, ಅದೇ ತಿರುಗತ್ತೆ, ಬ್ರೇಕ್ ಹಾಕ್ದಾಗ ಭಾರ ಮುಂದಕ್ಕೆ ಬಂದು ಹೆಚ್ಚಿನ ಕೆಲಸ ಅದರ ಮೇಲೇ ಬೀಳತ್ತೆ. ಇಷ್ಟೆಲ್ಲ ಮಾಡೋ ಟೈರ್ ಚೆನ್ನಾಗಿರ್ಲಿ, ಹಿಂದಿನದು ಪಾಪ ಸುಮ್ನೆ ಉರುಳ್ಕೊಂಡು ಬರತ್ತೆ ಅಷ್ಟೇ ತಾನೇ? ಈ "ಸುಮ್ನೆ ಉರುಳ್ಕೊಂಡು ಬರತ್ತೆ" ಅನ್ನೋದೇ ತಪ್ಪು, ಉಳಿದಿದ್ದೆಲ್ಲ ನಿಜ.

ಹಿಂದಿನ ಟೈರ್ ಮಾಡೋ ಕೆಲಸ ಏನು ಅಂತ ನನಗೆ ಅರ್ಥ ಆಗಿದ್ದು ಗಾಳಿಪಟದಿಂದ. ಬಾಲಂಗೋಚಿ ಕಟ್ಟದೆ ಪಟ ಹಾರಿಸಿದ್ರೆ ಏನಾಗತ್ತೆ ಅಂತ ಚಿಕ್ಕವರಿದ್ದಾಗ ಎಲ್ಲರೂ ನೋಡಿರ್ತೀವಿ, ಗಿರಗಿರ ಸುತ್ತಿ ನೆಲಕ್ಕೆ ಬೀಳತ್ತೆ. ಬಾಲಂಗೋಚಿ ಪಟನ ಮೇಲಕ್ಕೂ ಎತ್ತಲ್ಲ, ಮುಂದಕ್ಕೂ ಎಳೆಯಲ್ಲ, ಅದು ಪಟದ ಮೂತಿನ ನೆಟ್ಟಗೆ ಇಡತ್ತೆ. ಬಾಣದ ಹಿಂದೆ ಗರಿ ಕಟ್ಟೋದೂ ಅದಕ್ಕೇ. ಗರಿನ ಮುಂದೆ ಕಟ್ಟಿದ್ರೆ ಬಾಣ ಅಡ್ಡ ತಿರುಗತ್ತೆ. ಕಾರಿನಲ್ಲಿ ಆ ಕೆಲಸ ಹಿಂದಿನ ಎರಡು ಟೈರಿಂದು. ಗಾಡಿಯ ಭಾರದ ನಡುಬಿಂದು ಎಲ್ಲೋ ಮಧ್ಯದಲ್ಲಿ ಇರತ್ತೆ, ಅದರ ಹಿಂದೆ ಪಕ್ಕಕ್ಕೆ ಜಾರದ ಹಾಗೆ ಹಿಡ್ಕೊಳೋ ಶಕ್ತಿ ಇರೋ ತನಕ ಮೂತಿ ಅಡ್ಡ ಹೋಗೋಕೆ ನೋಡಿದ್ರೂ ಹಿಂದಿನ ಟೈರ್ ಅದನ್ನ ವಾಪಸ್ ನೆಟ್ಟಗೆ ಮಾಡತ್ತೆ. ಮುಂದೆ ಹಿಡಿತ ಜಾಸ್ತಿ, ಹಿಂದೆ ಕಮ್ಮಿ ಆಯ್ತು ಅಂದ್ರೆ ನಾವೇ ಬಾಣದ ಗರಿ ಕಿತ್ತು ಮುಂದಕ್ಕೆ ಕಟ್ಟಿದ ಹಾಗೆ.

ಇನ್ನು ನೀರಿನ ವಿಷಯ, ಯಾಕಂದ್ರೆ ಒಣ ರಸ್ತೇಲಿ ಈ ಚರ್ಚೆಗೆ ಅಷ್ಟು ಬೆಲೆ ಇಲ್ಲ. ಟ್ರೆಡ್ಡಲ್ಲಿರೋ ಕಾಲುವೆಗಳು ಇರೋದೇ ನೀರು ಹೊರಗೆ ಹಾಕೋಕೆ. ಒಣ ಡಾಂಬರ್ ಮೇಲೆ ಸವೆದ ಟೈರ್ ಹೊಸದರಷ್ಟೇ, ಕೆಲವು ಸಲ ಇನ್ನೂ ಸ್ವಲ್ಪ ಚೆನ್ನಾಗೇ ಹಿಡಿಯತ್ತೆ, ಅದಕ್ಕೇ ರೇಸ್ ಕಾರುಗಳು ಒಣ ಟ್ರ್ಯಾಕಲ್ಲಿ ನುಣ್ಣನೆ ಟೈರ್ ಹಾಕ್ಕೊಂಡು ಓಡೋದು. ನನ್ನ ಕಾರೂ ಹಿಂದೆ ಹಳೇ ಟೈರ್ ಇಟ್ಕೊಂಡು ತಿಂಗಳುಗಟ್ಟಲೆ ಯಾವ ತೊಂದರೆನೂ ಕೊಡದೆ ಓಡಿತ್ತು. ಮಳೆ ಬಂದ ದಿನನೇ ಲೆಕ್ಕ ಬದಲಾಗೋದು.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಟೈರ್ ಅಗಲ 20 ಸೆಂಟಿಮೀಟರ್, ರಸ್ತೆ ಮೇಲೆ ನೀರು 3 ಮಿಲಿಮೀಟರ್, ಗಾಡಿ ವೇಗ ಗಂಟೆಗೆ 80 ಕಿಲೋಮೀಟರ್, ಅಂದ್ರೆ ಸೆಕೆಂಡಿಗೆ 22 ಮೀಟರ್. ಮೂರನ್ನೂ ಗುಣಿಸಿದ್ರೆ ಒಂದೊಂದು ಟೈರಿನ ದಾರಿಗೆ ಸೆಕೆಂಡಿಗೆ 13 ಲೀಟರ್ ನೀರು ಬರತ್ತೆ. ಒಂದು ಬಕೆಟ್ ನೀರು! ಅದನ್ನ ಪಕ್ಕಕ್ಕೆ ತಳ್ಳಬೇಕು, ಇಲ್ಲಾ ಕಾಲುವೆಯೊಳಗೆ ತಗೊಂಡು ಹಿಂದಕ್ಕೆ ಎಸೀಬೇಕು, ರಬ್ಬರ್ ರಸ್ತೆ ಮುಟ್ಟಿರೋ ಜಾಗ ನಮ್ಮ ಅಂಗೈ ಅಷ್ಟೇ ಇರತ್ತೆ, ಇದೆಲ್ಲ ಆ ಅಂಗೈ ಅಗಲದಲ್ಲೇ ಆಗ್ಬೇಕು. ಕಾಲುವೆ 8 ಮಿಲಿಮೀಟರ್ ಆಳ ಇದ್ದಾಗ ನೀರಿಗೆ ಜಾಗ ಇರತ್ತೆ, 2.5 ಆದಾಗ ಮೂರರಲ್ಲಿ ಒಂದು ಪಾಲೂ ಇರಲ್ಲ. ಜಾಗ ಸಾಲ್ದೇ ಹೋದ್ರೆ ನೀರು ಟೈರಿನ ಮುಂದೆ ಬೆಣೆ ಥರ ಗುಡ್ಡೆ ಆಗಿ, ಆಮೇಲೆ ಕೆಳಗೆ ನುಗ್ಗಿ, ಟೈರನ್ನ ರಸ್ತೆಯಿಂದ ಮೇಲೆತ್ತತ್ತೆ. ಇದನ್ನೇ ಹೈಡ್ರೋಪ್ಲೇನಿಂಗ್ ಅಂತಲೋ ಅಕ್ವಾಪ್ಲೇನಿಂಗ್ ಅಂತಲೋ ಕರೆಯೋದು, ಟೈರ್ ಅಕ್ಷರಶಃ ನೀರ ಮೇಲೆ ತೇಲ್ತಿರತ್ತೆ.

ಇದನ್ನ ಮೊದಲು ಚೆನ್ನಾಗಿ ಅಳೆದವರು ವಿಮಾನದ ಟೈರ್ ಮೇಲೆ ಕೆಲಸ ಮಾಡ್ತಿದ್ದವರು. ನಾಸಾದಲ್ಲಿದ್ದ ವಾಲ್ಟರ್ ಹಾರ್ನ್ ಮತ್ತವರ ಜೊತೆಗಾರರು 1963ರಲ್ಲಿ ಒಂದು ವರದಿ ಬರೆದ್ರು, ಅದರಲ್ಲಿರೋ ಸೂತ್ರ ಈಗಲೂ ಎಲ್ಲರೂ ಹೇಳ್ತಾರೆ. ಟೈರಿನ ಗಾಳಿ ಒತ್ತಡನ ಪಿಎಸ್ಐ ಲೆಕ್ಕದಲ್ಲಿ ತಗೊಂಡು, ಅದರ ವರ್ಗಮೂಲನ ಸುಮಾರು 16.7ರಿಂದ ಗುಣಿಸಿದ್ರೆ ಟೈರ್ ಪೂರ್ತಿ ತೇಲೋಕೆ ಶುರುವಾಗೋ ವೇಗ ಗಂಟೆಗೆ ಕಿಲೋಮೀಟರಲ್ಲಿ ಸಿಗತ್ತೆ. 32 ಪಿಎಸ್ಐ ಇದ್ರೆ ಸುಮಾರು 94. ಹವಾ ಇಳಿದು 24 ಆಗಿದ್ರೆ ಸುಮಾರು 82. ನೀರು ಟ್ರೆಡ್ಡಿನ ಕಾಲುವೆಗಿಂತ ಆಳ ಇದ್ದಾಗಿನ ಲೆಕ್ಕ ಇದು, ಕಾರಿನ ಟೈರಿಗೆ ಕರಾರುವಾಕ್ಕಾಗಿ ಕೂರಲ್ಲ, ಆದ್ರೆ ಒಂದು ವಿಷಯ ಇದರಿಂದ ಗಟ್ಟಿಯಾಗಿ ಗೊತ್ತಾಗತ್ತೆ, ಹವಾ ಕಮ್ಮಿ ಇದ್ರೆ ಟೈರ್ ಬೇಗ ತೇಲತ್ತೆ. ಜೊತೆಗೆ ಪೂರ್ತಿ ತೇಲೋ ಮುಂಚೆನೇ ಸ್ವಲ್ಪ ಸ್ವಲ್ಪವಾಗಿ ಹಿಡಿತ ಹೋಗ್ತಾ ಇರತ್ತೆ, ತಿರುವಲ್ಲಿದ್ದಾಗ ಅಷ್ಟು ಹೋದ್ರೂ ಸಾಕು. ನಾನು 70ರಲ್ಲೇ ಇದ್ದೆ.

ಈಗ ಮುಖ್ಯ ಮಾತಿಗೆ ಬರ್ತೀನಿ. ಯಾವ ಆಕ್ಸಲ್, ಅಂದ್ರೆ ಮುಂದಿನ ಜೋಡಿ ಚಕ್ರನೋ ಹಿಂದಿನ ಜೋಡಿನೋ, ಮೊದಲು ತೇಲತ್ತೆ ಅನ್ನೋದನ್ನ ಟೈರ್ ಹಾಕ್ಸೋ ದಿನನೇ ನಾವು ತೀರ್ಮಾನ ಮಾಡಿರ್ತೀವಿ. ಸವೆದಿದ್ದು ಮುಂದಿದ್ರೆ ಮುಂದಿನದು ಮೊದಲು, ಹಿಂದಿದ್ರೆ ಹಿಂದಿನದು ಮೊದಲು. ಎರಡೂ ಕೆಟ್ಟದ್ದೇ, ಆದ್ರೆ ಎರಡೂ ಒಂದೇ ಥರ ಕೆಟ್ಟದ್ದಲ್ಲ.

ಮುಂದಿನದು ಮೊದಲು ತೇಲ್ತು ಅಂದ್ಕೊಳಿ. ಸ್ಟೇರಿಂಗ್ ಇದ್ದಕ್ಕಿದ್ದ ಹಾಗೆ ಹಗುರ ಆಗತ್ತೆ, ಬೆಣ್ಣೆಯೊಳಗೆ ತಿರುಗ್ಸಿದ ಹಾಗೆ. ತಿರುಗ್ಸಿದ್ರೂ ಗಾಡಿ ನೆಟ್ಟಗೆ ಹೋಗತ್ತೆ. ಭಯ ಆಗತ್ತೆ ನಿಜ, ಭಯ ಆದಾಗ ಯಾರಾದ್ರೂ ಏನ್ಮಾಡ್ತಾರೆ, ಆಕ್ಸಿಲರೇಟರ್ ಬಿಡ್ತಾರೆ. ಬಿಟ್ಟ ತಕ್ಷಣ ವೇಗ ಇಳಿಯತ್ತೆ, ಭಾರ ಮುಂದಕ್ಕೆ ಬರತ್ತೆ, ಮುಂದಿನ ಟೈರ್ ಮತ್ತೆ ರಸ್ತೆ ಕಚ್ಚತ್ತೆ. ಅಂದ್ರೆ ಹೆದರಿದ ಮನುಷ್ಯ ಯೋಚನೆ ಮಾಡದೆ ಮಾಡೋ ಕೆಲಸನೇ ಅಲ್ಲಿ ಸರಿಯಾದ ಕೆಲಸ. ಸ್ಟೇರಿಂಗ್ ಜಾಸ್ತಿ ತಿರುಗ್ಸಿ ಇಟ್ಕೊಂಡಿರಬಾರ್ದು ಅಷ್ಟೇ, ಹಿಡಿತ ವಾಪಸ್ ಬಂದಾಗ ಗಾಡಿ ತಟ್ಟನೆ ಆ ಕಡೆ ಹಾರತ್ತೆ.

ಹಿಂದಿನದು ಮೊದಲು ತೇಲಿದ್ರೆ ಇದೆಲ್ಲ ಉಲ್ಟಾ. ಸ್ಟೇರಿಂಗಿಗೆ ಏನೂ ಸುದ್ದಿ ಬರಲ್ಲ, ಯಾಕಂದ್ರೆ ಸ್ಟೇರಿಂಗ್ ಮುಂದಿನ ಚಕ್ರಕ್ಕೆ ಸೇರಿರೋದು, ಮುಂದಿನ ಚಕ್ರ ಚೆನ್ನಾಗೇ ಹಿಡ್ಕೊಂಡಿರತ್ತೆ. ಗೊತ್ತಾಗೋ ಹೊತ್ತಿಗೆ ಹಿಂಭಾಗ ಪಕ್ಕಕ್ಕೆ ಹೊರಟಾಗಿರತ್ತೆ. ಆಗ ಹೆದರಿ ಕಾಲು ತೆಗೆದ್ರೆ ಭಾರ ಮುಂದಕ್ಕೆ ಹೋಗತ್ತೆ, ಹಿಂದಿನ ಟೈರ್ ಇನ್ನೂ ಹಗುರ ಆಗತ್ತೆ, ಮುಂದಿನದು ಇನ್ನೂ ಚೆನ್ನಾಗಿ ಕಚ್ಚತ್ತೆ, ಗಾಡಿ ಇನ್ನೂ ಜೋರಾಗಿ ಸುತ್ತತ್ತೆ. ಬ್ರೇಕ್ ಒತ್ತಿದ್ರಂತೂ ಕೇಳೋದೇ ಬೇಡ. ಉಳಿಬೇಕು ಅಂದ್ರೆ ಹಿಂಭಾಗ ಯಾವ ಕಡೆ ಜಾರ್ತಿದೆಯೋ ಆ ಕಡೆಗೇ ಸ್ಟೇರಿಂಗ್ ತಿರುಗ್ಸಬೇಕು, ಎಷ್ಟು ಬೇಕೋ ಅಷ್ಟೇ, ಹಿಡಿತ ಬಂದ ಕ್ಷಣ ಅಷ್ಟೇ ಬೇಗ ವಾಪಸ್ ಬಿಡಬೇಕು, ತಡ ಆದ್ರೆ ಗಾಡಿ ಈ ಕಡೆಯಿಂದ ಆ ಕಡೆಗೆ ಚಾಟಿ ಬೀಸಿದ ಹಾಗೆ ಹೊಡೆಯತ್ತೆ. 70ರಲ್ಲಿ ಒಂದು ಸೆಕೆಂಡಿಗೆ ಗಾಡಿ 19 ಮೀಟರಿಗಿಂತ ಜಾಸ್ತಿ ಹೋಗಿರತ್ತೆ. ಅಷ್ಟರೊಳಗೆ ಇದನ್ನೆಲ್ಲ ಮಾಡೋಕೆ ರ‍್ಯಾಲಿ ಓಡ್ಸೋವ್ರಿಗೆ ಆಗತ್ತೆ, ವರ್ಷಗಟ್ಟಲೆ ಅಭ್ಯಾಸ ಮಾಡಿರ್ತಾರೆ. ಹಿಂದಿನ ಸೀಟಲ್ಲಿ ಮಕ್ಕಳನ್ನ ಕೂರ್ಸ್ಕೊಂಡು ಹೋಗೋ ನಮ್ಮಂಥವರಿಗೆ ಆಗಲ್ಲ, ಆಗಬೇಕು ಅಂತ ನಿರೀಕ್ಷೆ ಮಾಡೋದೂ ನ್ಯಾಯ ಅಲ್ಲ.

ಇನ್ನೊಂದು ವಿಷಯ, ಮೂತಿ ನೆಟ್ಟಗಿದ್ದು ಡಿಕ್ಕಿ ಆಗೋದಕ್ಕೂ ಅಡ್ಡ ತಿರುಗಿ ಡಿಕ್ಕಿ ಆಗೋದಕ್ಕೂ ತುಂಬಾ ವ್ಯತ್ಯಾಸ ಇದೆ. ಮುಂದೆ ಬಾನೆಟ್ ಇದೆ, ನಜ್ಜುಗುಜ್ಜಾಗಿ ಪೆಟ್ಟು ತಗೊಳೋಕೆ ಅಂತಲೇ ಮಾಡಿದ ಜಾಗ ಇದೆ, ಏರ್‌ಬ್ಯಾಗ್ ಇದೆ, ಬೆಲ್ಟ್ ಇದೆ. ಪಕ್ಕದಲ್ಲಿ ನಮಗೂ ಹೊರಗಿನ ಮರಕ್ಕೂ ನಡುವೆ ಒಂದು ಬಾಗಿಲು ಅಷ್ಟೇ ಇರೋದು.

ಕಾರು ಮಾಡೋವ್ರಿಗೆ ಇದೆಲ್ಲ ಮೊದಲಿಂದಲೂ ಗೊತ್ತು. ಸಾಮಾನ್ಯ ಜನ ಓಡ್ಸೋ ಕಾರುಗಳನ್ನ ಮಿತಿ ದಾಟಿದಾಗ ಮೊದಲು ಮುಂಭಾಗನೇ ಜಾರೋ ಹಾಗೆ, ಅಂದ್ರೆ ಅಂಡರ್‌ಸ್ಟೀರ್ ಆಗೋ ಹಾಗೆ ಬೇಕಂತಲೇ ಹೊಂದಿಸಿರ್ತಾರೆ. ಸಸ್ಪೆನ್ಶನ್, ಆಂಟಿ ರೋಲ್ ಬಾರ್, ಹವಾ ಎಷ್ಟಿರಬೇಕು ಅನ್ನೋದು, ಎಲ್ಲದರಲ್ಲೂ ಆ ಲೆಕ್ಕ ಇರತ್ತೆ. ನಾವು ಮುಂದೆ 8 ಮಿಲಿಮೀಟರ್ ಹಿಂದೆ 2.5 ಮಿಲಿಮೀಟರ್ ಹಾಕ್ಸಿದಾಗ ಅಷ್ಟು ಜನ ಇಂಜಿನಿಯರ್‌ಗಳು ಮಾಡಿಟ್ಟ ಹೊಂದಾಣಿಕೆನ ಮಳೆ ದಿನದ ಮಟ್ಟಿಗೆ ಅಳಿಸಿ ಹಾಕ್ತೀವಿ. ಮಿಶೆಲಿನ್, ಕಾಂಟಿನೆಂಟಲ್ ಥರದ ಟೈರ್ ಕಂಪನಿಗಳೂ ಹೇಳೋದು ಇದನ್ನೇ, ಎರಡೇ ಬದಲಾಯಿಸೋದಾದ್ರೆ ಹೆಚ್ಚು ಟ್ರೆಡ್ ಇರೋದು ಹಿಂದಕ್ಕೆ, ಗಾಡಿ ಫ್ರಂಟ್ ವೀಲ್ ಡ್ರೈವ್ ಆದ್ರೂ ಸರಿ ರಿಯರ್ ವೀಲ್ ಡ್ರೈವ್ ಆದ್ರೂ ಸರಿ ಅಂತ. ನೀರು ಹಾಯಿಸಿದ ಟ್ರ್ಯಾಕ್ ಮೇಲೆ ಒಂದೇ ಕಾರನ್ನ ಎರಡೂ ಥರ ಓಡ್ಸಿ ತೋರ್ಸೋ ಪ್ರದರ್ಶನಗಳನ್ನೂ ಟೈರ್ ಕಂಪನಿಗಳು ಮಾಡಿವೆ. ಒಂದು ಅಗಲವಾಗಿ ಜಾರಿ ನಿಧಾನ ಆಗತ್ತೆ, ಇನ್ನೊಂದು ಸುತ್ತತ್ತೆ.

ಇದನ್ನ ನಾನು ಹೇಳಿದಾಗೆಲ್ಲ ಎದುರು ಮಾತು ಬರತ್ತೆ, ಅವುಗಳಲ್ಲಿ ಕೆಲವು ನಿಜಕ್ಕೂ ಯೋಚನೆ ಮಾಡೋ ಅಂಥವು. ನಮ್ಮ ಭಾವನ ಪ್ರಶ್ನೆನೇ ತಗೊಳಿ, ಮುಂದಿನ ಟೈರ್ ನೀರು ಸರಿಸಿ ದಾರಿ ಮಾಡಿರತ್ತಲ್ಲ, ಹಿಂದಿನದು ಅದೇ ದಾರೀಲಿ ಬರೋದ್ರಿಂದ ಅದಕ್ಕೆ ನೀರೇ ಕಮ್ಮಿ ಇರತ್ತೆ, ಹಳೇದಿದ್ರೆ ಏನಾಯ್ತು ಅಂತ. ನೆಟ್ಟಗೆ ಹೋಗುವಾಗ ಇದು ಸರಿ. ಆದ್ರೆ ತಿರುವಲ್ಲಿ ಹಿಂದಿನ ಚಕ್ರ ಮುಂದಿನ ಚಕ್ರದ ಗೆರೆ ಮೇಲೇ ಬರಲ್ಲ, ಅದರದೇ ಬೇರೆ ಗೆರೆ. ಒದ್ದೆ ಮಣ್ಣಲ್ಲಿ ಗಾಡಿ ತಿರುಗಿಸಿ ಇಳಿದು ನೋಡಿ, ನಾಲ್ಕು ಗುರುತು ಬೇರೆ ಬೇರೆಯಾಗಿ ಕಾಣತ್ತೆ. ಲೇನ್ ಬದಲಾಯಿಸುವಾಗಲೂ ಅಷ್ಟೇ. ಅಂದ್ರೆ ಗಾಡಿ ಸುತ್ತೋ ಭಯ ಇರೋ ಜಾಗದಲ್ಲೇ ಹಿಂದಿನ ಟೈರಿಗೆ ಮುಟ್ಟದ ನೀರು ಸಿಗತ್ತೆ. ಅದರ ಮೇಲೆ, ಒಬ್ಬರೇ ಓಡ್ಸ್ಕೊಂಡು ಹೋಗುವಾಗ ಫ್ರಂಟ್ ವೀಲ್ ಡ್ರೈವ್ ಕಾರಿನ ಹಿಂಭಾಗದಲ್ಲಿ ಭಾರನೇ ಇರಲ್ಲ, ಇಂಜಿನ್, ಗೇರ್‌ಬಾಕ್ಸ್ ಎಲ್ಲ ಮುಂದೆನೇ. ಹಗುರ ಇರೋ ಟೈರನ್ನ ಎತ್ತೋದು ನೀರಿಗೆ ಸುಲಭ.

ಬ್ರೇಕಿನ ಮಾತು ಇನ್ನೂ ಗಟ್ಟಿ, ಅದನ್ನ ನಾನು ತಳ್ಳಿ ಹಾಕಲ್ಲ. ಮುಂದೆ ಸವೆದ ಟೈರ್ ಇದ್ರೆ ಒದ್ದೆ ರಸ್ತೇಲಿ ಗಾಡಿ ನಿಲ್ಲೋಕೆ ಜಾಸ್ತಿ ದೂರ ಬೇಕು. ಇದು ಸತ್ಯ, ಹೊಸದನ್ನ ಹಿಂದಕ್ಕೆ ಹಾಕಿದ್ರೆ ಆ ನಷ್ಟ ಇದ್ದೇ ಇದೆ. ಆದ್ರೆ ಈ ನಷ್ಟ ನಮ್ಮ ಕಾಲಿಗೆ, ಕೈಗೆ ಗೊತ್ತಾಗೋ ಅಂಥದ್ದು. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳೋ ಎಬಿಎಸ್ ಬೇಗ ಗಡಗಡ ಅನ್ನತ್ತೆ, ಸ್ಟೇರಿಂಗ್ ಹಗುರ ಅನ್ಸತ್ತೆ, ಸಿಗ್ನಲ್ಲಿಂದ ಹೊರಡುವಾಗ ಮುಂದಿನ ಚಕ್ರ ಒಂದು ಸುತ್ತು ಜಾರತ್ತೆ. ಇದನ್ನೆಲ್ಲ ನೋಡಿದ ಮನುಷ್ಯ ತಾನಾಗೇ ನಿಧಾನ ಹೋಗ್ತಾನೆ, ಮುಂದಿನ ಗಾಡಿಗೆ ಜಾಸ್ತಿ ಅಂತರ ಬಿಡ್ತಾನೆ, ಟೈರ್ ಬದಲಾಯಿಸಬೇಕು ಅಂತ ಯೋಚಿಸ್ತಾನೆ. ಮುಂದೆ ಹೊಸದಿದ್ರೆ ಈ ಎಚ್ಚರಿಕೆಗಳೆಲ್ಲ ಬಾಯಿ ಮುಚ್ಕೊಂಡಿರ್ತವೆ. ಆ ದಿನ ನನಗೆ 70ರಲ್ಲಿ ಹೋಗೋ ಧೈರ್ಯ ಕೊಟ್ಟಿದ್ದೇ ಆ ಹೊಸ ಟೈರ್‌ಗಳು, ಹಿಂದಿನ ಹಳೇ ಟೈರ್‌ಗಳ ಪರವಾಗಿ ಅವು ಸುಳ್ಳು ಭರವಸೆ ಕೊಟ್ವು. ಇದನ್ನ ಎಷ್ಟು ಸಲ ಯೋಚನೆ ಮಾಡಿದ್ರೂ ನನಗೆ ಇದೇ ದೊಡ್ಡ ಕಾರಣ ಅನ್ಸತ್ತೆ, ಭೌತಶಾಸ್ತ್ರಕ್ಕಿಂತ ಜಾಸ್ತಿ.

ಮುಂದಿನ ಟೈರ್ ಒಡೆದ್ರೆ ಗಾಡಿ ಕೈಗೆ ಸಿಗಲ್ಲ, ಅದಕ್ಕೇ ಹೊಸದು ಮುಂದೆ ಅನ್ನೋವ್ರೂ ಇದಾರೆ. ಮುಂದೆ ಒಡೆದ್ರೆ ಸ್ಟೇರಿಂಗ್ ಒಂದು ಕಡೆ ಎಳೆಯತ್ತೆ, ಗಟ್ಟಿಯಾಗಿ ಹಿಡ್ಕೊಂಡು ನಿಧಾನಕ್ಕೆ ನಿಲ್ಸೋಕೆ ಸಾಧ್ಯ ಇರತ್ತೆ. ಹಿಂದೆ ಒಡೆದ್ರೆ ಮತ್ತೆ ಅದೇ ಕಥೆ, ಬಾಲಂಗೋಚಿ ಹರಿದ ಪಟ. ಮತ್ತೆ ಒಡೆಯೋಕೆ ಹೆಚ್ಚಿನ ಸಲ ಕಾರಣ ಹವಾ ಕಮ್ಮಿ ಇರೋದು, ಓವರ್‌ಲೋಡು, ಹಳೇ ಪೆಟ್ಟು. ಒಡೆಯೋ ಅಂಥ ಟೈರ್ ಯಾವ ಆಕ್ಸಲ್ಲಲ್ಲೂ ಇರಬಾರ್ದು, ಅದಕ್ಕೆ ಜಾಗ ಹುಡುಕೋದಲ್ಲ ನಮ್ಮ ಕೆಲಸ.

ಇಎಸ್‌ಸಿ, ಅಂದ್ರೆ ಗಾಡಿ ಜಾರಿ ಸುತ್ತದ ಹಾಗೆ ತಡೆಯೋ ಎಲೆಕ್ಟ್ರಾನಿಕ್ ವ್ಯವಸ್ಥೆ, ಇದೆಯಲ್ಲ ಈಗಿನ ಕಾರುಗಳಲ್ಲಿ, ಅದು ನೋಡ್ಕೊಳತ್ತೆ ಅಂತ ಕೆಲವರು. ಬಾಷ್ ಮಾಡಿದ ಈ ವ್ಯವಸ್ಥೆ 1995ರಲ್ಲಿ ಮರ್ಸಿಡಿಸ್ ಬೆಂಝ್ ಕಾರಲ್ಲಿ ಮೊದಲು ಬಂತು, ಅಲ್ಲಿಂದ ಇಲ್ಲಿ ತನಕ ಎಷ್ಟು ಜೀವ ಉಳಿಸಿದೆಯೋ, ನನಗೆ ಅದರ ಮೇಲೆ ತುಂಬಾ ಗೌರವ ಇದೆ. ಗಾಡಿ ಅಡ್ಡ ತಿರುಗೋಕೆ ಶುರು ಮಾಡಿದಾಗ ಹೊರಗಡೆಯ ಮುಂದಿನ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿ ನೆಟ್ಟಗೆ ಮಾಡೋಕೆ ನೋಡತ್ತೆ, ಯಾವ ಡ್ರೈವರ್ ಕೈಯಲ್ಲೂ ಆಗದ ಕೆಲಸ ಅದು. ಆದ್ರೆ ಅದು ಇರೋ ಹಿಡಿತನ ಹಂಚತ್ತೆ ಅಷ್ಟೇ, ಇಲ್ಲದ ಹಿಡಿತನ ಹುಟ್ಟಿಸಲ್ಲ. ಹಿಂದಿನ ಎರಡೂ ಟೈರ್ ನೀರ ಮೇಲೆ ಇದ್ರೆ ಅದಕ್ಕೂ ಕೈ ಕಟ್ಟಿ ಹಾಕಿದ ಹಾಗೆ.

ಇನ್ನು "ಚೆನ್ನಾಗಿರೋ ಟೈರ್" ಅಂದ್ರೆ ಯಾವುದು ಅನ್ನೋದು. ಟ್ರೆಡ್ ಜಾಸ್ತಿ ಇರೋದೇ ಚೆನ್ನಾಗಿರೋದು ಅಂತ ಕಣ್ಣು ಮುಚ್ಚಿ ಹೇಳೋಕಾಗಲ್ಲ. ನನ್ನ ಗೆಳೆಯನೊಬ್ಬ ಟೈರ್ ಸವೆದಾಗ ಡಿಕ್ಕಿಯಲ್ಲಿದ್ದ ಸ್ಟೆಪ್ನಿ ತೆಗೆದ, ಒಂದು ದಿನನೂ ಓಡಿರ್ಲಿಲ್ಲ, ಕಾಲುವೆ ಎಲ್ಲ ಹೊಸದರ ಹಾಗೇ ಇತ್ತು, ಅದರ ಜೊತೆಗೆ ಒಂದೇ ಒಂದು ಹೊಸ ಟೈರ್ ಕೊಂಡ್ರೆ ಆಯ್ತಲ್ಲ ಅಂದ. ಪಕ್ಕದ ಗೋಡೆ ಮೇಲೆ ಡಾಟ್ ಅಂತ ಶುರುವಾಗೋ ಬರಹದ ಕೊನೇಲಿ ನಾಲ್ಕು ಅಂಕಿ ಇರತ್ತೆ ನೋಡಿ, ಮೊದಲ ಎರಡು ವಾರ, ಕೊನೆ ಎರಡು ವರ್ಷ. 2314 ಅಂದ್ರೆ 2014ರ 23ನೇ ವಾರ ಮಾಡಿದ್ದು ಅಂತ. ಅವನ ಸ್ಟೆಪ್ನಿಗೆ ಹತ್ತು ವರ್ಷ ದಾಟಿತ್ತು. ರಬ್ಬರ್ ಓಡಿದ್ರೂ ಹಳೇದಾಗತ್ತೆ, ಓಡದಿದ್ರೂ ಹಳೇದಾಗತ್ತೆ, ಗಟ್ಟಿಯಾಗಿ ಒದ್ದೇಲಿ ಹಿಡಿಯಲ್ಲ, ಉಗುರಲ್ಲಿ ಒತ್ತಿದ್ರೆ ಪ್ಲಾಸ್ಟಿಕ್ ಥರ ಅನ್ಸತ್ತೆ, ಪಕ್ಕದಲ್ಲಿ ಕೂದಲೆಳೆ ಬಿರುಕು ಬಿಟ್ಟಿರತ್ತೆ. ಐದು ವರ್ಷ ಆದ ಮೇಲೆ ವರ್ಷಕ್ಕೊಂದ್ಸಲ ಗೊತ್ತಿರೋವ್ರ ಹತ್ರ ಪರೀಕ್ಷೆ ಮಾಡ್ಸಿ, ಹತ್ತು ವರ್ಷ ಆದ್ರೆ ಹೇಗೇ ಕಾಣ್ಲಿ ತೆಗೆದು ಹಾಕಿ ಅಂತ ಮಿಶೆಲಿನ್ ಹೇಳತ್ತೆ, ಅದು ಸ್ಟೆಪ್ನಿಗೂ ಸೇರಿ. ಜೊತೆಗೆ ಒಂದೇ ಆಕ್ಸಲ್ಲಲ್ಲಿ ಎಡಕ್ಕೊಂದು ಬಲಕ್ಕೊಂದು ಥರ ಹಾಕೋದು ಹಿಂದೆ ಮುಂದೆ ವ್ಯತ್ಯಾಸಕ್ಕಿಂತಲೂ ಕೆಟ್ಟದ್ದು, ಬ್ರೇಕ್ ಹಾಕ್ದಾಗ ಒಂದು ಕಡೆ ಎಳೆಯತ್ತೆ. ಜೋಡಿ ಅಂದ್ರೆ ಜೋಡಿನೇ ಇರಬೇಕು, ಒಂದೇ ಕಂಪನಿ, ಒಂದೇ ಮಾಡೆಲ್, ಒಂದೇ ಸೈಜ್.

ಹಿಂದಕ್ಕೆ ಹೊಸದು ಹಾಕ್ಸಿದ್ರೆ ದುಡ್ಡು ದಂಡ ಅಲ್ವಾ ಅಂತ ನನ್ನ ಹೆಂಡತಿ ಕೇಳಿದ್ಲು, ಹಿಂದೆ ಸವೆಯೋದೇ ಕಮ್ಮಿ, ಮುಂದಿನ ಹಳೇದು ಇನ್ನೂ ಬೇಗ ಸವೆದು ಮತ್ತೆ ಖರ್ಚು ಅಂತ. ನಾನೂ ಮೊದಲು ಹಾಗೇ ಅಂದ್ಕೊಂಡಿದ್ದೆ. ಕೂತು ಲೆಕ್ಕ ಹಾಕಿದ್ರೆ ಹಾಗಿಲ್ಲ. ಮುಂದಿನ ಜೋಡಿ ಮುಗಿದಾಗ ಅದನ್ನ ಬಿಸಾಕಿ, ಹಿಂದಿನದನ್ನ ಮುಂದಕ್ಕೆ ತಂದು, ಹೊಸ ಜೋಡಿನ ಹಿಂದಕ್ಕೆ ಹಾಕೋದು. ಮುಂದಿನ ಸಲನೂ ಅದೇ. ಪ್ರತಿ ಜೋಡಿನೂ ಹಿಂದೆ ಹುಟ್ಟಿ ಮುಂದೆ ಸಾಯತ್ತೆ. ಟೈರ್ ಎಷ್ಟು ಓಡಬೇಕೋ ಅಷ್ಟು ಓಡೇ ಓಡತ್ತೆ, ಬದಲಿಗೆ ಹಿಂದೆ ಕೂತು ಸವೆಯದೇ ಮುದಿಯಾಗೋ ಟೈರ್ ಉಳಿಯಲ್ಲ. ಅಂಗಡೀಲಿ ಎರಡು ಚಕ್ರದ ಬದಲು ನಾಲ್ಕು ಬಿಚ್ಚಬೇಕು, ಅಷ್ಟೇ ಹೆಚ್ಚುವರಿ ಕೆಲಸ. ಕೆಲವು ಕಡೆ ಮುಂದಕ್ಕೇ ಹಾಕಿ ಕಳಿಸೋಕೆ ಇದೂ ಒಂದು ಕಾರಣ ಇರಬಹುದು.

ನಿಜವಾಗ್ಲೂ ಒಳ್ಳೇದು ಈ ಪ್ರಶ್ನೆನೇ ಬರದ ಹಾಗೆ ನೋಡ್ಕೊಳೋದು. 8000ರಿಂದ 10000 ಕಿಲೋಮೀಟರಿಗೊಂದ್ಸಲ ಟೈರ್ ರೊಟೇಶನ್, ಅಂದ್ರೆ ಮುಂದಿನ ಹಿಂದಿನ ಟೈರ್ ಅದಲು ಬದಲು, ಮಾಡ್ಸಿದ್ರೆ ನಾಲ್ಕೂ ಹೆಚ್ಚುಕಮ್ಮಿ ಸಮವಾಗಿ ಸವೆಯತ್ತೆ, ಒಟ್ಟಿಗೆ ನಾಲ್ಕೂ ಬದಲಾಯಿಸಬಹುದು. ಅದಕ್ಕೆ ಒಂದೇ ಸಲ ದೊಡ್ಡ ಖರ್ಚು ಬರತ್ತೆ, ಎಲ್ಲರಿಗೂ ಆಗಲ್ಲ, ನನಗೂ ಆಗಿರ್ಲಿಲ್ಲ. ರೊಟೇಶನ್ ಮಾಡ್ಸಿದಾಗ ಸ್ವಲ್ಪ ದಿನ ಕಮ್ಮಿ ಟ್ರೆಡ್ ಇರೋದು ಹಿಂದಕ್ಕೆ ಹೋಗತ್ತಲ್ಲ ಅಂತ ಕೇಳ್ತೀರಿ. ಬೇಗ ಬೇಗ ಮಾಡ್ಸ್ತಾ ಇದ್ರೆ ವ್ಯತ್ಯಾಸ ಒಂದು ಮಿಲಿಮೀಟರ್ ಆಸುಪಾಸು ಇರತ್ತೆ, ಅದಕ್ಕೆ ತಲೆ ಕೆಡಿಸ್ಕೊಬೇಕಿಲ್ಲ. ವ್ಯತ್ಯಾಸ ಮೂರು ನಾಲ್ಕು ಮಿಲಿಮೀಟರ್ ಆಗೋ ತನಕ ಬಿಟ್ಟು ಆಮೇಲೆ ರೊಟೇಶನ್ ಮಾಡ್ಸೋಕೆ ಹೋಗಬೇಡಿ, ಅದೇ ಅಪಾಯ.

ಎಲ್ಲ ಕಾರಿಗೂ ಒಂದೇ ಮಾತು ನಡೆಯಲ್ಲ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗೋ ಆಲ್ ವೀಲ್ ಡ್ರೈವ್ ಗಾಡಿಗಳಲ್ಲಿ ಸವೆದ ಟೈರಿನ ಸುತ್ತಳತೆ ಕಮ್ಮಿ ಆಗಿ ಅದು ಜಾಸ್ತಿ ಸಲ ತಿರುಗತ್ತೆ, ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚೋ ಮಧ್ಯದ ಕಪ್ಲಿಂಗಿಗೆ ಬಿಡುವಿಲ್ಲದೆ ಹೊರೆ ಬೀಳತ್ತೆ, ಹಾಳಾದ್ರೆ ನಾಲ್ಕು ಟೈರಿಗಿಂತ ಜಾಸ್ತಿ ಖರ್ಚು. ಅದಕ್ಕೆ ಎಷ್ಟು ವ್ಯತ್ಯಾಸ ನಡೆಯತ್ತೆ ಅಂತ ಮ್ಯಾನುಯಲಲ್ಲಿ ಇರತ್ತೆ, ಅದನ್ನ ನೋಡ್ಬೇಕು. ಹಿಂದೆ ಅಗಲ ಟೈರ್ ಮುಂದೆ ಕಮ್ಮಿ ಅಗಲ ಇರೋ ಕಾರುಗಳಲ್ಲಿ ಅದಲು ಬದಲು ಮಾಡೋಕೇ ಆಗಲ್ಲ. ರಿಯರ್ ವೀಲ್ ಡ್ರೈವ್ ಇರೋವ್ರಿಗೆ ಜಗಳನೇ ಇಲ್ಲ, ಗಾಡಿ ತಳ್ಳೋದೂ ಹಿಂದಿನ ಚಕ್ರ, ನೆಟ್ಟಗಿಡೋದೂ ಹಿಂದಿನ ಚಕ್ರ, ಎರಡೂ ಕಾರಣ ಹಿಂದಕ್ಕೇ ಹಾಕು ಅನ್ನತ್ತೆ. ಹಿಮ ಬೀಳೋ ಕಡೆ ಇರೋವ್ರು ವಿಂಟರ್ ಟೈರ್ ಎರಡೇ ತಗೊಂಡು ಮುಂದಕ್ಕೆ ಹಾಕೋ ಯೋಚನೆ ಮಾಡಿದ್ರೆ ದಯವಿಟ್ಟು ಬೇಡ, ನೀರಲ್ಲಿ ಆಗೋದೇ ಅಲ್ಲೂ ಆಗತ್ತೆ, ಹಾಕಿದ್ರೆ ನಾಲ್ಕೂ ಹಾಕಿ.

ಮತ್ತೆ ಉಳಿದ ಹಳೇ ಜೋಡಿ 1.6ರ ಹತ್ರ ಬಂದಿದ್ರೆ ಮುಂದೆ ಹಿಂದೆ ಅನ್ನೋ ಮಾತೇ ಬೇಡ, ಅದನ್ನ ತೆಗೀಲೇಬೇಕು. ಕಾಲುವೆ ಒಳಗೆ ಅಡ್ಡಕ್ಕೆ ಸಣ್ಣ ದಿಬ್ಬ ಇರತ್ತೆ, ಟ್ರೆಡ್ ಅದರ ಸಮಕ್ಕೆ ಬಂದ್ರೆ ಟೈರ್ ಮುಗೀತು ಅಂತ. ನಾನಂತೂ ಈಗ 3 ಮಿಲಿಮೀಟರ್ ಆದ ತಕ್ಷಣ ಹೊಸದರ ಬಗ್ಗೆ ಯೋಚಿಸ್ತೀನಿ, 1.6 ತನಕ ಕಾಯಲ್ಲ. 8ರಿಂದ 1.6 ತನಕ ಸವೆಯೋಕೆ ಇರೋದೇ 6.4 ಮಿಲಿಮೀಟರ್, 3ಕ್ಕೆ ಬಂದಾಗ ಅದರಲ್ಲಿ ಮುಕ್ಕಾಲಿಗಿಂತ ಜಾಸ್ತಿ ಹೋಗಿರತ್ತೆ. ಟ್ರೆಡ್ ಅಳೆಯೋ ಚಿಕ್ಕ ಕಡ್ಡಿ ಒಂದು ಕೊಂಡು ಗ್ಲೋವ್ ಬಾಕ್ಸಲ್ಲಿ ಇಟ್ಕೊಂಡಿದೀನಿ, ಪ್ರತಿ ಟೈರಿಗೂ ಒಳಗೆ, ಮಧ್ಯ, ಹೊರಗೆ ಮೂರು ಕಡೆ ಅಳೀತೀನಿ. ಒಂದು ಅಂಚು ಮಾತ್ರ ಸವೆದಿದ್ರೆ ಅಲೈನ್‌ಮೆಂಟ್ ಹೋಗಿದೆ ಅಂತ, ಮಧ್ಯ ಸವೆದಿದ್ರೆ ಹವಾ ಜಾಸ್ತಿ, ಎರಡೂ ಅಂಚು ಸವೆದಿದ್ರೆ ಹವಾ ಕಮ್ಮಿ.

ಆ ಘಟನೆ ಆದ ಎರಡನೇ ದಿನ ನಾನು ಹೋಗಿ ಮಾಡ್ಸಿದ್ದು ಇಷ್ಟೇ, ಹಿಂದಿನದು ಮುಂದಕ್ಕೆ ಮುಂದಿನದು ಹಿಂದಕ್ಕೆ. ಒಂದು ಟೈರೂ ಕೊಳ್ಳಲಿಲ್ಲ. ಅದಾದ ಮೇಲೆ ಬಂದ ಮೊದಲ ಮಳೇಲಿ 40 ದಾಟಿದ ಕೂಡ್ಲೇ ಸ್ಟೇರಿಂಗ್ ಅಲ್ಲಲ್ಲಿ ಹಗುರ ಆಗ್ತಿತ್ತು, ಕಾರು ನನಗೆ ನಿಧಾನ ಹೋಗು ಅಂತ ಹೇಳ್ತಿತ್ತು, ನಾನು ಕೇಳ್ದೆ. ಎರಡು ತಿಂಗಳೊಳಗೆ ದುಡ್ಡು ಹೊಂದಿಸಿ ಮುಂದಿನ ಆ ಹಳೇ ಜೋಡಿನೂ ತೆಗೆಸಿದೆ.

ಹೋದ ವಾರ ತಂಗಿ ಅವಳ ಕಾರಿಗೆ ಎರಡು ಟೈರ್ ಹಾಕ್ಸೋಕೆ ಹೋಗಿದ್ಲು. ಅಂಗಡಿಯಿಂದಲೇ ಫೋನ್ ಮಾಡಿದ್ಲು, ಇವರು ಮುಂದಕ್ಕೆ ಅಂತಿದಾರೆ, ಫ್ರಂಟ್ ವೀಲ್ ಡ್ರೈವ್ ಅಂತೆ, ಏನ್ ಹೇಳ್ಲಿ ಅಂತ. ಫ್ರಂಟ್ ವೀಲ್ ಡ್ರೈವೇ, ಆದ್ರೂ ಹಿಂದಕ್ಕೇ ಹಾಕಿ, ಹಿಂದಿನದನ್ನ ಮುಂದಕ್ಕೆ ತನ್ನಿ ಅಂತ ಹೇಳು ಅಂದೆ, ಅವರು ಏನೂ ಅನ್ನದೆ ಹಾಕಿ ಕೊಟ್ರಂತೆ. ಹೊಸ ಟೈರ್ ಮೇಲೆ ಅಚ್ಚಿನಿಂದ ಬಂದ ಜಾರು ಪದರ ಸ್ವಲ್ಪ ಇರತ್ತೆ, ಮೊದಲ ಕೆಲವು ನೂರು ಕಿಲೋಮೀಟರ್ ಮೆತ್ತಗೆ ಓಡ್ಸು, ಟೈರ್ ಪ್ರೆಶರ್ ಸೆನ್ಸರ್ ಇದ್ರೆ ರೀಸೆಟ್ ಮಾಡ್ಸು, ನಾಲ್ಕೂ ಚಕ್ರ ಬಿಚ್ಚಿ ಹಾಕಿರೋದ್ರಿಂದ ನೂರು ಕಿಲೋಮೀಟರ್ ಒಳಗೆ ಒಂದ್ಸಲ ನಟ್ ಟೈಟ್ ಇದೆಯಾ ಚೆಕ್ ಮಾಡ್ಸು ಅಂದಿದೀನಿ. ಭಾನುವಾರ ಬರ್ತಾಳೆ, ಪಾನಾ ತೆಗೆದಿಟ್ಟಿದೀನಿ, ನಾನೇ ನೋಡ್ತೀನಿ.